ಸೌದೆಯ ತೂಕ

ಪುರಸಭೆಯ ಇನ್‌ಸ್ಪೆಕ್ಟರ್ ಬೀದಿಯ ಆಚೆ ಬದಿಯಲ್ಲಿ ನಿಂತು ಬೇಕರಿಯ ಚಿಮಣಿಯನ್ನೇ ಹತ್ತು ನಿಮಿಷ ನೋಡಿದರು. ಅದರ ಬಾಯಿಯ ಮೇಲೆ ಬಿಸಿಗಾಳಿ ನಡುಗುತ್ತಿತ್ತು, ಅಷ್ಟೇ. ಇನ್ನೊಂದು ಸಲ ಕಪ್ಪು ಹೊಗೆ ಎದ್ದರೆ ಒಲೆಗೆ ಬೀಗಮುದ್ರೆ ಎಂದು ಹೋದ ತಿಂಗಳು ನೋಟಿಸು ಕೊಟ್ಟವರು ಅವರೇ.

“ಪರವಾಗಿಲ್ವಲ್ಲ! ಏನು ಮಾಡಿದ್ರಿ?” ಎನ್ನುತ್ತ ಒಳಗೆ ಬಂದರು.

ಅಕ್ಕ ತಲೆ ಎತ್ತದೆ ಉದ್ದ ಹಿಡಿಯ ಹಲಗೆಯಿಂದ ಬ್ರೆಡ್ಡು ಹೊರಗೆಳೆಯುತ್ತಿದ್ದಳು. ಈ ಪ್ರಶ್ನೆಗಾಗಿಯೇ ಕಾದಿದ್ದವನು ಅವಳ ತಮ್ಮ. ಕಾಲೇಜಿನ ಪ್ರಯೋಗಾಲಯದ ಕೆಲಸ ಹೋದ ಮೇಲೆ ಅಕ್ಕನ ಮನೆ ಸೇರಿದವನಿಗೆ ಅವಳು ವಹಿಸಿದ್ದು ಒಂದೇ ಜವಾಬ್ದಾರಿ: ಸೌದೆ ಒಣಗಿಸುವುದು. ನಿನ್ನೆ ಕಚೇರಿಗೇ ಹೋಗಿ, “ನೀವೇ ಬಂದು ಪರೀಕ್ಷೆ ಮಾಡಿ ಸಾರ್” ಎಂದು ಕರೆದು ಬಂದವನೂ ಅವನೇ.

“ಇದುವರೆಗೆ ಅಂಗಡಿಯ ಹಸಿ ಸೌದೆ ಸಾರ್. ನಮ್ಮ ರಾಶಿ ಮುಟ್ಟಿದ್ದು ಇವತ್ತೇ ಮೊದಲು,” ಎಂದು ಕಿಟಕಿಯ ಕಟ್ಟೆಯಿಂದ ಒಂದು ತುಂಡು ಎತ್ತಿಕೊಟ್ಟ. ಅದರ ಮೈತುಂಬ ಸೀಮೆಸುಣ್ಣದ ಅಂಕಿ. “ಇದು ಮಾದರಿ. ಪ್ರತಿ ಭಾನುವಾರ ತೂಗ್ತೀನಿ. ಎಂಟು ತಿಂಗಳ ಹಿಂದೆ ಎರಡು ಕೆಜಿ ನೂರು ಗ್ರಾಂ. ಈಗ ಒಂದು ಕೆಜಿ ನಾನೂರಿಪ್ಪತ್ತು. ಮೂರು ವಾರದಿಂದ ಒಂದು ಗ್ರಾಂ ಇಳಿದಿಲ್ಲ. ಅಂದ್ರೆ ಹೋಗಬೇಕಾದ ನೀರೆಲ್ಲ ಹೋಗಿದೆ.”

“ಉಳಿದ ಬೇಕರಿಯವರಿಗೂ ಒಂದು ಪಾಠ ಮಾಡಿ ಮಾಸ್ಟ್ರೇ,” ಎಂದು ನಗುತ್ತ ಇನ್‌ಸ್ಪೆಕ್ಟರ್ ನೋಟಿಸು ರದ್ದುಪಡಿಸಿ ಸಹಿ ಹಾಕಿ ಹೋದರು.

ತಮ್ಮ ಸಿಳ್ಳೆ ಹಾಕುತ್ತ ನಾಳೆಯ ಸೌದೆ ತರಲು ಹಿತ್ತಲಿಗೆ ಹೋದ. ರಾಶಿಗೆ ನೆಲದವರೆಗೂ ಪ್ಲಾಸ್ಟಿಕ್ ಹೊದಿಸಿ, ಹಗ್ಗ ಬಿಗಿದು, ಅಂಚಿಗೆ ಇಟ್ಟಿಗೆ ಹೇರಿದ್ದ. ಹೊರಗಿನ ಒಂದು ಹನಿಯನ್ನೂ ಅದು ಒಳಗೆ ಬಿಟ್ಟಿರಲಿಲ್ಲ. ಒಳಗಿನದನ್ನು ಹೊರಗೂ ಬಿಟ್ಟಿರಲಿಲ್ಲ. ಹೊದಿಕೆ ಎತ್ತಿದರೆ ಅದರ ಒಳಮೈಯೆಲ್ಲ ನೀರ ಹನಿ. ತೊಗಟೆಯ ಮೇಲೆ ಬಿಳಿ ಬೂಷ್ಟು. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದ. ಒಣಗಿದ್ದು ಠಣ್ ಎನ್ನಬೇಕು. ಇವು ದಬ್ ಎಂದವು.

“ಅಕ್ಕಾ, ಹಾಗಾದ್ರೆ ಬೆಳಿಗ್ಗೆ ಉರಿದದ್ದು ಏನು?” ಎನ್ನುತ್ತ ಒಳಗೆ ಬಂದ.

“ನಿನ್ನೆ ನೀನು ಅತ್ಲಾಗೆ ಹೋದ್ಮೇಲೆ ನಾನೂ ಹೀಗೇ ಬಡಿದು ನೋಡ್ದೆ,” ಎಂದಳು ಅಕ್ಕ. “ಕಿಟಕೀಲಿ ಬಿಸಿಲು ಕಾಯಿಸ್ಕೊಂಡು ಕೂತಿರೋದು ಒಂದು. ಮುಸುಕು ಹಾಕ್ಕೊಂಡು ಬೆವರ್ತಾ ಇರೋದು ಸಾವಿರ. ನೀನು ತೂಗಿದ್ದು ಯಾವ್ದನ್ನೋ?”

ಅವನ ಕಣ್ಣು ಅವಳ ಕೋಣೆಯ ತೆರೆದ ಬಾಗಿಲಿನತ್ತ ಹೋಯಿತು. ಹಾಸಿಗೆ ನೆಲದ ಮೇಲಿತ್ತು. ಅದರ ಸುತ್ತ, ನಲವತ್ತು ವರ್ಷ ಧೂಳು ಕಾಣದ ನಾಲ್ಕು ಚೌಕ ಗುರುತು. ಬಣ್ಣ, ಪಾಲಿಶ್ ಏನೂ ಹಚ್ಚದ ಮರದ ಮಂಚ ಅಲ್ಲಿರಲಿಲ್ಲ.

“ನಾಳೆಗೆ?” ಎಂದ.

ಅಕ್ಕ ಗರಗಸ ತಂದು ಅವನ ಕೈಗಿಟ್ಟಳು. “ನಿಂದು ಸ್ವಲ್ಪ ದೊಡ್ಡದು. ಎರಡು ದಿನಕ್ಕೆ ಬರುತ್ತೆ.”