ಕೂಗುವ ಅಗತ್ಯವಿಲ್ಲ

"ಇನ್ನು ಮೇಲೆ ಕೂಗೋ ಅಗತ್ಯ ಇಲ್ಲ," ಎಂದರು ಹಲ್ಲಿನ ಡಾಕ್ಟರು, ಹೊಸ ನಿಯಮದ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ. ವಾರವೆಲ್ಲ ಹಲ್ಲು ಕೀಳುವ ಅವರೇ ಭಾನುವಾರ ಹಾಯಿದೋಣಿ ಕ್ಲಬ್ಬಿನ ಕಾರ್ಯದರ್ಶಿ, ತೀರ್ಪುಗಾರ, ಎಲ್ಲ. "ದಡ ಹತ್ರ ಬಂತು, ತಿರುಗೋಕೆ ಜಾಗ ಬೇಕು ಅಂದ್ರೆ ಕೈ ಎತ್ತಿ. ಪಕ್ಕದ ದೋಣಿಯವರೂ ಕೈಯಲ್ಲೇ ಉತ್ತರ ಕೊಡ್ಬೇಕು. ಗಾಳೀಲಿ ಕೇಳಿಸ್ಲಿಲ್ಲ ಅನ್ನೋ ಜಗಳ ಕೇಳಿ ಕೇಳಿ ನನಗಂತೂ ಸಾಕಾಗಿದೆ."

"ಬಾಯಿ ತೆಗೆಸೋರೇ ಬಾಯಿ ಮುಚ್ಚಿಸಿದ್ರಲ್ಲ ಡಾಕ್ಟ್ರೇ!" ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಕ್ಲಬ್ಬಿನಲ್ಲಿ ದೊಡ್ಡೋರು ಎಂದು ಕರೆಯುವ ಕನ್ನಡಕದ ಅಂಗಡಿಯವರು ಮಾತ್ರ ನಗಲಿಲ್ಲ.

"ಕೂಗಲೇಬಾರದಾ?" ಎಂದು ಕೇಳಿದರು ದೊಡ್ಡೋರು.

"ಕೂಗಿ, ಬೇಡ ಅಂದೋರ್ಯಾರು? ಕೈ ಎತ್ತದೆ ಬರೀ ಕೂಗಿದ್ರೆ ಲೆಕ್ಕಕ್ಕಿಲ್ಲ, ಅಷ್ಟೆ."

ಕಿಟಕಿಯ ಹತ್ತಿರ ಅವರ ತಮ್ಮ, ಚಿಕ್ಕೋರು, ತಲೆ ಬಗ್ಗಿಸಿ ಬೂಟಿನ ದಾರ ಕಟ್ಟುತ್ತಿದ್ದರು. ಇಬ್ಬರೂ ಒಡಹುಟ್ಟಿದವರು, ಒಂದು ಕಾಲಕ್ಕೆ ಒಂದೇ ದೋಣಿ ಓಡಿಸಿದವರು. ಆ ದೋಣಿಯನ್ನು ಮಾರುವ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಮಾತೇ ನಿಂತು ಹನ್ನೊಂದು ವರ್ಷವಾಗಿತ್ತು. ಈಗ ಇಬ್ಬರಿಗೂ ಒಬ್ಬೊಬ್ಬರೇ ಕೂರುವ ದೋಣಿಗಳು.

ಆದರೂ ಕಲ್ಲಿನ ಒಡ್ಡಿನ ಹತ್ತಿರ ಭಾನುವಾರಕ್ಕೊಮ್ಮೆ ಬಾಯಿ ಬಿಡಲೇಬೇಕಾಗಿತ್ತು. ಒಡ್ಡಿನ ಕಡೆ ಇರುವವರು "ಜಾಗ!" ಎಂದು ಕೂಗಬೇಕು, ಹೊರಗಿರುವವರು "ನೀನು ತಿರುಗು!" ಎನ್ನಬೇಕು. ಹಳೆಯ ನಿಯಮ ಅದು. ಗಾಳಿ ಯಾವ ಕಡೆಯದಾದರೂ ದೊಡ್ಡೋರು ಹೇಗೋ ಹೊಂಚಿ ಚಿಕ್ಕೋರ ಒಳಮಗ್ಗುಲಿಗೆ ಬಂದು ಸೇರುತ್ತಿದ್ದರು. ಹಾಗೆ ಮಾಡಿ ಎಷ್ಟೋ ಪಂದ್ಯ ಸೋತಿದ್ದರು. ಕನ್ನಡಕದ ಅಂಗಡಿಯಲ್ಲಿ ವಾರವಿಡೀ ಅವರು ಆಡುವುದು "ಈಗ ಕಾಣ್ತಿದೆಯಾ?" ಎಂಬ ಮಾತು, ಕೇಳಿಸಿಕೊಳ್ಳುವುದು "ನೀವು", "ಸರ್". ಮನೆಯಲ್ಲಿ ಅದೂ ಇಲ್ಲ. ಊರಿನಲ್ಲಿ ಅವರನ್ನು "ನೀನು" ಎನ್ನುವ ಜೀವ ತಮ್ಮನದೊಂದೇ ಉಳಿದಿತ್ತು. ಅದೂ ವಾರಕ್ಕೊಮ್ಮೆ, ಪುಸ್ತಕದಲ್ಲಿ ಬರೆದಿದೆ ಎಂಬ ಕಾರಣಕ್ಕೆ.

ಅವತ್ತೂ ಎರಡು ದೋಣಿಗಳು ಅಕ್ಕಪಕ್ಕ ಒಡ್ಡಿನ ಕಡೆಗೆ ನುಗ್ಗಿದವು. ದೊಡ್ಡೋರ ಒಂದು ಕೈ ಚುಕ್ಕಾಣಿಯ ಮೇಲೆ, ಇನ್ನೊಂದು ಹಾಯಿಯ ಹಗ್ಗದ ಮೇಲೆ. ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಕೈ ಎತ್ತುವುದು ಏನೂ ಕಷ್ಟವಿರಲಿಲ್ಲ. ಎತ್ತಲಿಲ್ಲ. "ಜಾಗ!" ಎಂದು ಕೂಗಿದರು. ಚಿಕ್ಕೋರು ನೆಟ್ಟಗೆ ಮುಂದೆ ನೋಡುತ್ತಿದ್ದರು. "ಜಾಗ!" ಪಾಚಿಗಟ್ಟಿದ ಕಲ್ಲುಗಳು ನೀರಿನಡಿ ಕಾಣತೊಡಗಿದವು. ಮೂರನೆಯ ಸಲವೂ ಕೂಗಿದರು. ಕೊನೆಗೆ ಚುಕ್ಕಾಣಿ ತಿರುಗಿಸಿದರು. ದೋಣಿಯ ಮೂತಿ ಹೋಗಿ ಚಿಕ್ಕೋರ ದೋಣಿಗೆ ಬಡಿಯಿತು. ಅಲ್ಲೇ ದಂಡವಾಗಿ ದೋಣಿಯನ್ನು ಎರಡು ಸುತ್ತು ಹಾಕಿಸಿ ತಪ್ಪು ಒಪ್ಪಿಕೊಂಡಿದ್ದರೆ ವಿಷಯ ನೀರಿನಲ್ಲೇ ಮುಗಿಯುತ್ತಿತ್ತು. ದೊಡ್ಡೋರು ಸುತ್ತು ಹಾಕಲಿಲ್ಲ.

ಮಧ್ಯಾಹ್ನ ಹಾಯಿ ಒಣಗಿಸುವ ಕೋಣೆಯಲ್ಲಿ ವಿಚಾರಣೆ. ಮೂರು ಕುರ್ಚಿ, ಮೇಜಿನ ಮೇಲೆ ಬೆಂಡಿನ ಎರಡು ಪುಟ್ಟ ದೋಣಿ. ದೂರು ಕೊಟ್ಟವರು ನಡೆದದ್ದನ್ನು ಬಾಯಲ್ಲೇ ಹೇಳಬೇಕು. ಆ ನಿಯಮ ಬದಲಾಗಿರಲಿಲ್ಲ.

ಚಿಕ್ಕೋರು ಬೆಂಡಿನ ದೋಣಿಗಳನ್ನು ಸರಿಸುತ್ತ ಹೇಳಿದರು. "ಇವರು ಒಳಗಡೆ ಇದ್ರು. ನಾನು ಹೊರಗೆ. ಇವರು ಕೈ ಎತ್ಲಿಲ್ಲ." ದೊಡ್ಡೋರು ಕಣ್ಣು ಮುಚ್ಚಿ ಕೇಳಿದರು. ನೀರಿನ ಮೇಲಿನ ಒಂದು ಕೂಗಿನಲ್ಲಿ ತಿಳಿಯದೆ ಹೋದದ್ದು ಇಲ್ಲಿ ತಿಳಿಯಿತು: ದನಿ ತೆಳುವಾಗಿದೆ, ಎರಡು ಮಾತಿಗೊಮ್ಮೆ ಉಸಿರು ಹುಡುಕುತ್ತಿದೆ. ನಡುವೆ ಕೆಮ್ಮು ಬಂತು. ಒಣ ಕೆಮ್ಮು, ಬೇಗ ಬಿಡುವಂಥದ್ದಲ್ಲ.

"ಇದಕ್ಕೆ ಏನಂತೀರಿ?" ಎಂದರು ಡಾಕ್ಟರು.

"ಅವನು ಹೇಳಿದ್ದೆಲ್ಲ ನಿಜ."

"ಹಾಗಾದ್ರೆ ಈ ಪಂದ್ಯದಿಂದ ನೀವು ಔಟ್. ಬರ್ಕೊಳೋಕೆ ಮೊದ್ಲು, ಇವರನ್ನ ಏನಾದ್ರೂ ಪ್ರಶ್ನೆ ಕೇಳೋದಿದ್ರೆ ಕೇಳಿ. ನಿಮಗೆ ಹಕ್ಕಿದೆ."

ದೊಡ್ಡೋರು ಬೆಂಡಿನ ದೋಣಿಗಳನ್ನೇ ನೋಡುತ್ತಿದ್ದರು.

"ಈ ಕೆಮ್ಮು ಯಾವಾಗಿಂದ?"

ಡಾಕ್ಟರ ಪೆನ್ನು ನಿಂತಿತು. ಚಿಕ್ಕೋರು ಅಣ್ಣನ ಕಡೆ ತಿರುಗಲಿಲ್ಲ. "ಇದಕ್ಕೆ ಉತ್ತರ ಕೊಡ್ಲೇಬೇಕಾ ಡಾಕ್ಟ್ರೇ?"

"ತಡೀರಿ, ನೋಡ್ತೀನಿ." ಡಾಕ್ಟರು ಬೆರಳಿಗೆ ಎಂಜಲು ಹಚ್ಚಿ ಹೊಸ ಪುಸ್ತಕದ ಹಾಳೆ ಮಗುಚತೊಡಗಿದರು. ಪುಟ ಸಿಗುವುದು ತಡವಾಯಿತು. ಅಷ್ಟು ಹೊತ್ತೂ ಚಿಕ್ಕೋರು ಕೆಮ್ಮು ಹೊರಬರದಂತೆ ಮುಷ್ಟಿಯನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದರು. ಭುಜಗಳು ಮಾತ್ರ ನಡುಗುತ್ತಿದ್ದವು.