ದಿಂಬಿನ ಪಕ್ಕದ ಗೋಡೆ

ಮಂಚ ಎಳೆದದ್ದೇ ತಡ, ಗಾರೆ ಮೇಸ್ತ್ರಿ ದಂಗಾಗಿ ನಿಂತ. ಮೂರು ತಿಂಗಳಲ್ಲಿ ಇದು ನಾಲ್ಕನೇ ಸಲ. ದಿಂಬಿನ ಎತ್ತರಕ್ಕೆ ಸರಿಯಾಗಿ, ಅದೇ ಜಾಗದಲ್ಲಿ ಗೋಡೆಯ ಗಾರೆ ಕಿತ್ತುಹೋಗಿತ್ತು. ಹೋದ ಸಲ ಮುಷ್ಟಿಯಷ್ಟಿದ್ದದ್ದು ಈಗ ಊಟದ ತಟ್ಟೆಯಷ್ಟಾಗಿತ್ತು.

“ಇಲಿ ಕಾಟ ಮೇಸ್ತ್ರಿ,” ಎಂದಳು ಮನೆಯಾಕೆ, ಅವನ ಮುಖ ನೋಡದೆ. “ಬೇಗ ಮುಚ್ಚಿಬಿಡಿ.”

ಎಂಥ ಇಲಿಯಪ್ಪಾ ಇದು! ಒಂದು ಹಿಕ್ಕೆ ಇಲ್ಲ, ಹಲ್ಲಿನ ಗುರುತಿಲ್ಲ. ಅದೆಲ್ಲ ಹೋಗಲಿ, ಉದುರಿದ ಸುಣ್ಣವಾದರೂ ನೆಲದ ಮೇಲಿರಬೇಕಲ್ಲ? ಚಿಟಿಕೆಯಷ್ಟೂ ಇರಲಿಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡ. ತನ್ನ ಕೆಲಸ ತಿಂಗಳೂ ನಿಲ್ಲುವುದಿಲ್ಲ ಎಂದು ನಾಲ್ಕು ಜನ ಆಡಿಕೊಂಡರೆ ಗತಿಯೇನು ಎಂಬುದೇ ಅವನ ಚಿಂತೆ. ಹೊರಗೆ ಹೋಗಿ ಗಾರೆ ಕಲಸಿಕೊಂಡು ಬಂದ.

ಮೂಲೆಯ ಕುರ್ಚಿಯಲ್ಲಿ ಮನೆಯಾಕೆಯ ಮಗಳು ಕೂತಿದ್ದಳು. ಇಪ್ಪತ್ತರ ಹುಡುಗಿ, ನಡುಮಧ್ಯಾಹ್ನ ಕಂಬಳಿ ಹೊದ್ದಿದ್ದಳು, ಮುಖದಲ್ಲಿ ಹನಿ ರಕ್ತವಿರಲಿಲ್ಲ. ಅವಳ ಕಣ್ಣು ಬಾಂಡ್ಲಿಯಲ್ಲಿದ್ದ ಗಾರೆಯಿಂದ ಕದಲಲೇ ಇಲ್ಲ.

“ಒಳ್ಳೇ ವಾಸನೆ, ಅಲ್ವಾ ಅಣ್ಣಾ?”

“ಮೂವತ್ತು ವರ್ಷದಲ್ಲಿ ಹೀಗಂದೋಳು ನೀನೊಬ್ಬಳೇ ಕಣಮ್ಮಾ. ಮಿಕ್ಕೋರೆಲ್ಲ ಮೂಗು ಮುಚ್ಕೋತಾರೆ,” ಎಂದು ಅವನು ನಕ್ಕ. ಅವಳು ನಗಲಿಲ್ಲ, ಎಂಜಲು ನುಂಗಿದಳು. ಅವನು ಬೇಗಬೇಗ ಮೆತ್ತಿ, ನುಣ್ಣಗೆ ಸವರಿ, ಮಂಚ ಸರಿಸಿ ಹೊರಟ.

ಹಿತ್ತಲ ನಲ್ಲಿಯಲ್ಲಿ ಕರಣೆ ತೊಳೆಯುವಾಗ ಮನೆಯಾಕೆ ಕಾಫಿ ತಂದಳು. ಮೇಸ್ತ್ರಿ ಅಭಿಮಾನದಿಂದ ಹೇಳಿದ: “ಇನ್ನು ನನ್ನ ಕರೆಸೋ ಪ್ರಮೇಯವೇ ಬರಲ್ಲಮ್ಮಾ. ಈ ಸಲ ಗಾರೆಗೇ ಇಲಿ ಪಾಷಾಣ ಕಲಸಿದ್ದೀನಿ.”

ಲೋಟ ಅವಳ ಕೈಯಿಂದ ಜಾರಿ ಬಿತ್ತು.

“ಈ ಮನೇಲಿ ಇಲಿ ಇಲ್ಲ!” ಎನ್ನುತ್ತಲೇ ಅವಳು ಒಳಗೆ ಓಡಿದಳು. ಅವನೂ ಹಿಂದೆಯೇ ಓಡಿದ. “ಗೋಡೆ ತಿನ್ನೋದು ನನ್ನ ಮಗಳು! ಕೆಲವರು ಉಪವಾಸ ಬೀಳ್ತಾರಂತೆ, ಕೆಲವರು ತಿಂದಿದ್ದನ್ನ ಕಕ್ತಾರಂತೆ, ಇದೂ ಅಂಥದ್ದೇ ಒಂದು ಕಾಯಿಲೆ, ವಾಸಿ ಮಾಡ್ಬೋದು ಅಂದ್ರು ಡಾಕ್ಟ್ರು. ನಾನೇ... ನಾಚಿಕೆಗೆ ಸತ್ತು ಯಾರಿಗೂ ಹೇಳ್ಲಿಲ್ಲ.”

ದೇವರೇ, ಅವಳು ಇನ್ನೂ ಕುರ್ಚಿಯಲ್ಲೇ ಕೂತಿರಲಿ ಎಂದು ಮೇಸ್ತ್ರಿ ಬೇಡಿಕೊಂಡ.

ಕುರ್ಚಿಯಲ್ಲಿ ಬರೀ ಕಂಬಳಿಯಿತ್ತು. ಹುಡುಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಸಿ ಗಾರೆಯ ಮೇಲೆ ಐದು ಬೆರಳು ಉದ್ದಕ್ಕೆ ಗೆರೆ ಎಳೆದಿದ್ದವು. ಹೆಜ್ಜೆ ಸದ್ದಿಗೆ ಅವಳು ತಿರುಗಿದಳು. ತುಟಿಯೆಲ್ಲ ಬಿಳಿ.

“ಬೇಜಾರು ಮಾಡ್ಕೋಬೇಡಿ ಅಣ್ಣಾ,” ಎಂದಳು ಸಂಕೋಚದಿಂದ. “ಈ ಸಲದ್ದು ಯಾಕೋ ಸ್ವಲ್ಪ ಕಹಿ.”