ಗಟ್ಟಿಯಾಗಿ ಓದುವ ಪರೀಕ್ಷೆ

ಕದ್ದ ಸಾಲನ್ನು ಗಟ್ಟಿಯಾಗಿ ಓದಿದರೆ ಅದನ್ನು ಮೊದಲು ಬರೆದವರ ದನಿಯೇ ಹೊರಡುತ್ತಿತ್ತು. ಹಾಗಾಗಿ ಪಿಎಚ್.ಡಿ. ಕೊಡುವ ಮುನ್ನ ಇಡೀ ಪ್ರಬಂಧವನ್ನು ಪರೀಕ್ಷಕರ ಎದುರು ಓದಿಸುವುದು ವಾಡಿಕೆ. ಸಾಲು ತೆಗೆದುಕೊಂಡ ಪುಸ್ತಕದ ಹೆಸರು ಹಾಕಿದ್ದರೆ ಮಾತ್ರ ದನಿ ಬದಲಾಗುತ್ತಿರಲಿಲ್ಲ.

ಮಾರ್ಗದರ್ಶಕ ಪ್ರೊಫೆಸರ್ ಗುತ್ತಲ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ತಮ್ಮ ಪುಸ್ತಕದ ಅರ್ಧ ಸಾಲು ತೆಗೆದುಕೊಂಡರೂ ಹೆಸರು ಹಾಕಿಸುತ್ತಿದ್ದರು. ವಿದ್ಯಾರ್ಥಿಗಳು ಅದನ್ನು ಜಂಬವೆಂದುಕೊಂಡಿದ್ದರು.

ಇಂದು ಶಿವಲೀಲಾ ಓದುತ್ತಿದ್ದಳು. ಗುತ್ತಲ ಪ್ರಬಂಧದ ತಮ್ಮ ಪ್ರತಿಯಲ್ಲಿ ಮುಂದಿನ ಪುಟ ತಿರುವಿದರು. ಕೊನೆಗಳಿಗೆಯಲ್ಲಿ ಅವಳು ಸೇರಿಸಿದ್ದ ಪ್ಯಾರಾ ಅವರ ಪುಸ್ತಕದ್ದು. ಹೆಸರಿರಲಿಲ್ಲ.

"ಸಾಕವಾ, ನೀರು ಕುಡಿ," ಎಂದರು.

ಅಷ್ಟರಲ್ಲಿ ಅವಳ ಬಾಯಿಂದ ಬೇರೆ ದನಿ ಹೊರಟಿತ್ತು. ಅದು ಗುತ್ತಲರದಲ್ಲ. ತೆಳ್ಳಗಿನ ಹೆಣ್ಣುದನಿ, ನಡುನಡುವೆ ಕೆಮ್ಮು. ಇಪ್ಪತ್ತು ವರ್ಷದ ಹಿಂದೆ, ಪ್ರಬಂಧ ಒಪ್ಪಿಸುವ ಮೊದಲೇ ತೀರಿಕೊಂಡ ಅವರ ವಿದ್ಯಾರ್ಥಿನಿ ಕಸ್ತೂರಿಯದು.

ಶಿವಲೀಲಾ ಹೆದರಿ ನಿಲ್ಲಿಸಿದಳು. ಕಸ್ತೂರಿಯ ಸಹಪಾಠಿಯಾಗಿದ್ದ ಪರೀಕ್ಷಕಿ ಮೆಹರುನ್ನೀಸಾ ಎದ್ದು, ಕಪಾಟಿನಿಂದ ಗುತ್ತಲರ ಪುಸ್ತಕ ತೆಗೆದು ಅವರ ಮುಂದಿಟ್ಟರು.

"ಮೊದಲನೇ ಪುಟದಿಂದ ನೀವ ಓದ್ರಿ, ಸರ್. ಆಕಿ ದನಿ ಕೇಳಿ ಭಾಳ ವರ್ಷ ಆತು."